ಹಗ್ಗದಷ್ಟು ದೂರ

ಹನ್ನೊಂದು ವರ್ಷದ ಮಗಳಿರುವ ಮನೆಯಲ್ಲಿ ಬೆಂಕಿಪೊಟ್ಟಣವನ್ನು ಅಟ್ಟದ ಮೇಲೆ ಅಡಗಿಸಿಡುವ ಹೆಂಗಸು ಕಡಲತಡಿಯ ಊರು ಕೋಡಿಯಲ್ಲಿ ವನಜ ಒಬ್ಬಳೇ ಇರಬೇಕು. ಬೆಳಗಿನ ಜಾವ ಬುಟ್ಟಿ ಹಿಡಿದು ಬಂದರಿಗೆ ಹೊರಡುವ ಮೊದಲು ಅವಳು ಮನೆಯೊಳಗೆ ಒಂದು ಸುತ್ತು ಬರುತ್ತಿದ್ದಳು. ಮೀನು ಕೊಯ್ಯುವ ಕತ್ತಿಯನ್ನು ಅಕ್ಕಿಡಬ್ಬಿಯ ಹಿಂದೆ ಸರಿಸುವಳು, ಬಾವಿಯ ಕೊಡಪಾನವನ್ನು ಒಳಗೆ ತಂದಿಡುವಳು, ಕೊನೆಗೆ ಮಲಗಿದ್ದ ಮಗಳ ಪಾದ ಮುಟ್ಟಿ ಅವಳು ಅಲ್ಲೇ ಇದ್ದಾಳೆಂದು ಖಾತ್ರಿ ಮಾಡಿಕೊಳ್ಳುವಳು. ಅಷ್ಟರಲ್ಲಿ ಹೊರಗೆ ನಿಂತ ಹೆಂಗಸರು ಕೂಗುತ್ತಿದ್ದರು.

"ಹ್ವಾಯ್ ವನಜಕ್ಕಾ, ಬತ್ಯಾ ಇಲ್ಯಾ? ಮೀನ್ ನಿಂಗೆ ಕಾದ್ ಕೂಕಂತಿಲ್ಲೆ."

"ಬಂದೆ, ಬಂದೆ."

ನವ್ಯಾ ಕೆಟ್ಟ ಹುಡುಗಿಯಲ್ಲ. ಅದನ್ನು ವನಜ ಯಾರ ಎದುರೂ ಆಣೆಯಿಟ್ಟು ಹೇಳಿಯಾಳು. ಸೌದೆ ತಾ ಎಂದರೆ ಖುಷಿಯಿಂದ ಓಡುವಳು. ಅರ್ಧದಾರಿಯಲ್ಲಿ ಬೆಕ್ಕು ಕಂಡರೆ ಸೌದೆ ಮರೆತುಹೋಗುವುದು, ಬೆಕ್ಕಿನ ಹಿಂದೆ ಹೋದವಳಿಗೆ ಬೋಟಿನ ಸದ್ದು ಕೇಳಿದರೆ ಬೆಕ್ಕೂ ಮರೆತುಹೋಗುವುದು. ಆ ಮಳೆಗಾಲವೊಂದರಲ್ಲೇ ಎರಡು ಕೊಡೆ, ಒಂದು ಕಾಲಿನ ಚಪ್ಪಲಿ, ಅಕ್ಕ ಅಮಿತಾಳ ವಾಚು ಕಳೆದುಹೋಗಿದ್ದವು. ಮೂರು ಸಲ ಗಂಜಿ ಸೀದಿತ್ತು. ಒಮ್ಮೆ ಒಲೆಯ ಕೊಳ್ಳಿಯನ್ನು ಇರುವೆ ಗೂಡು ನೋಡಲು ಒಯ್ದು ಒಣಗಿಸಿದ ಬಲೆಯ ಪಕ್ಕ ಇಟ್ಟುಬಂದಿದ್ದಳು. ಅದೇ ಹುಡುಗಿ ಕಣ್ಣು ಮುಚ್ಚಿಕೊಂಡು, ಅಳಿವೆಯಲ್ಲಿ ಒಳಬರುವ ಬೋಟು ಯಾರದೆಂದು ಎಂಜಿನ್ ಸದ್ದಿನಿಂದಲೇ ಹೇಳುತ್ತಿದ್ದಳು. "ಇದ್ ಗುಡ್ಡಣ್ಣನ ಬೋಟ್. ಇದ್ರ್ ಕೆಮ್ಮ್ ಬೇರೆ." ಶಾಲೆಯಲ್ಲಿ ಮಾತ್ರ ಬೋರ್ಡಿನ ಮೂರು ಸಾಲು ಬರೆದುಕೊಳ್ಳುವಷ್ಟರಲ್ಲಿ ಎರಡು ಸಲ ಎದ್ದು ಹೋಗಿರುತ್ತಿದ್ದಳು.

ತುಂಗಾ ಟೀಚರು ನವ್ಯಾಳ ಆರನೇ ಕ್ಲಾಸಿಗೆ ಕ್ಲಾಸ್ ಟೀಚರು. ವನಜಳನ್ನು ಎರಡು ಸಲ ಕರೆಸಿ ಹೇಳಿದ್ದರು, "ಬುದ್ಧಿ ಇದೆ, ಸೊಕ್ಕು ಅದಕ್ಕಿಂತ ಜಾಸ್ತಿ ಇದೆ. ಮನೆಯಲ್ಲಿ ಹೇಳಿಕೊಡುವವರಿಲ್ಲವಾ?" ಟೀಚರು ಸಾಲಿಗ್ರಾಮದವರು, ದೇವಸ್ಥಾನದ ಕೆಲಸದ ಮನೆಯವರು. ಅವರೆದುರು ವನಜ ಮೀನಿನ ವಾಸನೆಯ ಸೆರಗನ್ನು ಮುದುಡಿಕೊಂಡು ಮೆಟ್ಟಿಲ ಕೆಳಗೇ ನಿಂತು, ಹ್ಞೂಂ ಎಂದು ಬಂದಿದ್ದಳು.

ಮನೆಯಲ್ಲಿ ಇದಕ್ಕೆ ಬೇರೆಯೇ ಕಾರಣವಿತ್ತು. ವನಜಳ ಅತ್ತೆ ಬಾಗಿ ಮೊಮ್ಮಗಳನ್ನು ದೈವದ ದರ್ಶನಕ್ಕೆ ಕರೆದೊಯ್ದಿದ್ದಳು. ಮನೆಯಲ್ಲಿ ತೃಪ್ತಿಯಿಲ್ಲದೆ ಹೋದ ಮಗುವೊಂದು ಇದರ ಮೈಯಲ್ಲಿ ಆಡುತ್ತಿದೆ ಎಂದು, ದೈವ ಮೈಮೇಲೆ ಬರುವ ಪಾತ್ರಿ ನುಡಿದಿದ್ದ. ಮಗು ಯಾರೆಂದು ಬಾಗಿಗೆ ಯಾರೂ ಹೇಳಬೇಕಿರಲಿಲ್ಲ. ಅವಳ ಕಿರಿಮಗ ಅಶೋಕ ಹತ್ತು ವರ್ಷದವನಿದ್ದಾಗ ಅಪ್ಪನ ದೋಣಿಯಿಂದ ನೀರಿಗೆ ಹಾರಿ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಅಂದಿನಿಂದ ಅಮಾವಾಸ್ಯೆಗೊಮ್ಮೆ ಬಾಗಿ ಎಲ್ಲರಿಗಿಂತ ಮೊದಲು ಒಂದು ಎಲೆ ಬಡಿಸುವಳು. ಅನ್ನ, ಬಂಗುಡೆ ಸಾರು, ಒಂದು ತುಂಡು ಬೆಲ್ಲ. ನವ್ಯಾಳನ್ನು ಅದರ ಮುಂದೆ ಕೂರಿಸಿ, "ಉಣ್ಣ್ ಮಗಾ, ಹೊಟ್ಟಿ ತುಂಬ ಉಣ್ಣ್," ಎನ್ನುವಾಗ ಆ ಮಾತು ಯಾರಿಗೆ ಹೇಳಿದ್ದೆಂದು ವನಜಳಿಗೆ ತಿಳಿಯುತ್ತಿತ್ತು.

ದಾರಿ ತೋರಿಸಿದ್ದು ಕೋಟೇಶ್ವರದ ಕುಸುಮಕ್ಕ, ವನಜ ದಿನಾ ಮೀನು ಕೊಡುವ ಮನೆಯವಳು. ಹಿತ್ತಿಲಲ್ಲಿ ಮೀನು ಆರಿಸುತ್ತ, ವನಜ ಮಗಳ ಸುದ್ದಿ ಹೇಳಿ ನಿಟ್ಟುಸಿರು ಬಿಟ್ಟಾಗ ಅವಳು ಒಮ್ಮೆ ಹಿಂದೆ ನೋಡಿ ದನಿ ತಗ್ಗಿಸಿದಳು.

"ನಾ ಹೇಳ್ದೆ ಅಂತೇಳಿ ಯಾರ ಹತ್ರೂ ಹೇಳುಕಾಗ. ನನ್ ಶೈಲೇಶಂಗೂ ಇದೇ ಇದ್ದಿತ್. ಉಡುಪಿಯಂಗೆ ಒಬ್ರ್ ಡಾಕ್ಟ್ರಮ್ಮ ಇದ್ರ್. ಮೂರ್ ವರ್ಷ ಆಯ್ತ್ ತೋರ್ಸುದ್. ಈಗ ಎಸ್ಸೆಲ್ಸಿ, ಕೂಕಂಡ್ ಓದ್ತ."

"ಮಂಡೆ ಡಾಕ್ಟ್ರಾ?"

"ಮೆಲ್ಲ ಮಾತಾಡ್ ಮರಾಯ್ತಿ. ಇವ್ರ್ ಅಣ್ಣ ತಮ್ದಿರಿಗೇ ಗೊತ್ತಿಲ್ಲೆ."

ಸೆಪ್ಟೆಂಬರಿನ ಒಂದು ಮಂಗಳವಾರ, ಹಲ್ಲುನೋವೆಂದು ಮನೆಯಲ್ಲಿ ಹೇಳಿ, ವನಜ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಉಡುಪಿಗೆ ಹೋದಳು. ಅಮಿತಾ ಪಿಯುಸಿ ಮುಗಿಸಿ ಗೋಡಂಬಿ ಫ್ಯಾಕ್ಟರಿಯ ಆಫೀಸಿಗೆ ಹೋಗುತ್ತಿದ್ದವಳು; ಇಂಗ್ಲಿಷ್ ಓದಬಲ್ಲವಳು ಮನೆಯಲ್ಲಿ ಅವಳೊಬ್ಬಳೇ. ಡಾಕ್ಟರಮ್ಮ ಒಂದು ಗಂಟೆ ಮಾತಾಡಿಸಿದರು. ಆ ಒಂದು ಗಂಟೆಯಲ್ಲಿ ನವ್ಯಾ ಅವರ ಮೇಜಿನ ಮೂರು ಪೆನ್ನು ಬಿಚ್ಚಿ ಜೋಡಿಸಿದಳು.

"ಇದು ಹುಚ್ಚಲ್ಲ, ಸೊಕ್ಕೂ ಅಲ್ಲ," ಎಂದರು ಡಾಕ್ಟರಮ್ಮ. "ನೀವು ಸಾಕಿದ್ದರಲ್ಲಿ ತಪ್ಪಾದದ್ದೂ ಅಲ್ಲ. ಎಡಿಎಚ್‌ಡಿ ಇರಬಹುದು ಅಂತ ನನಗೆ ಕಾಣುತ್ತದೆ, ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಆದರೆ ಶಾಲೆಯಲ್ಲಿ ಹೇಗಿರುತ್ತಾಳೆ ಅಂತ ಗೊತ್ತಾಗದೆ ಹೇಳಲಿಕ್ಕಾಗದು. ಈ ಕಾಗದ ಮನೆಯವರಿಗೆ, ಇದು ಟೀಚರಿಗೆ. ಎರಡು ವಾರದಲ್ಲಿ ತುಂಬಿಸಿ ತನ್ನಿ. ಆಮೇಲೆ ಹೇಗೆ ಕಲಿಸುವುದು, ಮದ್ದು ಬೇಕಾ ಬೇಡವಾ, ಎಲ್ಲ ನೋಡುವ. ಟೀಚರ ಕಾಗದ ಬಾರದೆ ನಾನು ಮುಂದೆ ಹೋಗುವುದಿಲ್ಲ."

ವನಜ ಕಾಗದವನ್ನು ಎರಡು ಪಟ್ಟು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಬಸ್ಸಿನಲ್ಲಿ ಬರುವಾಗ ಅದು ಎದೆಗೆ ಚುಚ್ಚುತ್ತಲೇ ಇತ್ತು.

ಮನೆಯ ಕಾಗದ ತುಂಬಿಸಲು ಕೂತದ್ದು ಮರುದಿನ ಸಂಜೆ. ಗಂಜಿ ಬೇಯುತ್ತಿತ್ತು. ಅಮಿತಾ ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದಳು.

"'ಕೂತಿರಬೇಕಾದ ಕಡೆ ಎದ್ದು ಹೋಗುತ್ತಾಳೆಯೇ?' ಎಂತ ಬರುದ್ ಅಮ್ಮ?"

"ಹೌದ್ ಅಂತ ಬರಿ."

"ಹೌದ್ ಇಲ್ಲೆ ಇದ್ರಗೆ. ಆಗಾಗ, ತುಂಬ ಸಲ, ಯಾವಾಗ್ಲೂ."

"ಯಾವಾಗ್ಲೂ."

"'ವಸ್ತುಗಳನ್ನು ಕಳೆದುಕೊಳ್ಳುತ್ತಾಳೆಯೇ?' ಇದ್ಕೆ ನಾನೇ ಬರಿತೆ. ನನ್ನ್ ವಾಚಿನ ಲೆಕ್ಕ ನಂಗೇ ಗೊತ್ತ್."

ವನಜಳ ಗಂಡ ರಾಜೀವ ಆಗಷ್ಟೇ ಬೋಟಿನಿಂದ ಬಂದು ಬೆಂಚಿನ ಮೇಲೆ ಕೂತಿದ್ದ. "ಎಂತ ಓದ್ತ್ರಿ ಅದ್?"

"'ಕೂತಲ್ಲಿ ಕೈಕಾಲು ಆಡಿಸುತ್ತಲೇ ಇರುತ್ತಾಳೆಯೇ?'" ಎಂದು ಓದಿ ಅಮಿತಾ ನಕ್ಕಳು. "ಅಪ್ಪಯ್ಯ, ಇದ್ ನಿಮ್ಗೂ ಸರಿ ಆತ್ತ್."

ರಾಜೀವನ ಕಾಲು ಬೆಂಚಿನ ಕಾಲಿಗೆ ಟಕಟಕ ಬಡಿಯುತ್ತಿದ್ದುದು ನಿಂತಿತು. ಎಲ್ಲಿಯ ಕಾಗದ, ಯಾವ ಡಾಕ್ಟರು, ಹಲ್ಲುನೋವು ಎಲ್ಲಿಗೆ ಹೋಯಿತು ಎಂದು ಅವನು ಒಂದೊಂದಾಗಿ ಕೇಳಿದ. ಎಲ್ಲ ತಿಳಿದ ಮೇಲೂ ಕೂಗಾಡಲಿಲ್ಲ. ಕೂಗಾಡಿದ್ದರೆ ವನಜಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಮನಿದ್ ಬರ್ಕೊಣಿ. ಶಾಲಿಗ್ ಕೊಡುದ್ ಬ್ಯಾಡ. ಶಾಲಿಗ್ ಕೊಟ್ರೆ ಊರಿಗ್ ಕೊಟ್ಟಂಗೆ. ಒಂದ್ಸಲ ಹೆಸ್ರ್ ಬಿದ್ರೆ ಅಮಿತನ್ ಮೇಲೂ ಬಿದ್ದಂಗೆ. ಆ ಮನಿ ಹೆಣ್ಣಾ ಅಂತ ಕೇಂತ್ರ್."

"ಹೆಸ್ರಿಲ್ದೆ ಈಗ ಎಂತ ಸುಖ ಆಯ್ದ್?" ಎಂದಳು ವನಜ.

"ನಿಂಗೆ ಗೊತ್ತಿಲ್ಲೆ. ಬೋಟಂಗೆ ಇಪ್ಪತ್ತೆಂಟ್ ಜನ ಇದ್ರ್. ನಾಳಿಗ್ ಒಬ್ಬ ಕೇಂಡ, ಮಗಳಿಗ್ ಎಂತ ಮರಾಯ ಅಂದ. ನಾ ಎಂತ ಹೇಳುದ್?"

ಒಲೆಯ ಮುಂದಿದ್ದ ಬಾಗಿ ಸೌಟು ಕೆಳಗಿಟ್ಟಳು. "ಮದ್ದ್ ಕೊಟ್ರೆ ಅಂವ ಹೋತ."

"ಯಾರ್ ಹೋಪುದ್ ಅತ್ತೆ?"

"ಅಶೋಕ. ಎಲ್ಲೂ ಜಾಗ ಸಿಕ್ದೆ ಇಲ್ಲಿಗ್ ಬಂದಿದ್ದ. ಅವ್ನನ್ನ ಓಡ್ಸುಕೆ ನಾ ಬಿಡ್ತಿಲ್ಲೆ."

ಮಾತಿನ ನಡುವೆ ನವ್ಯಾ ಎಲ್ಲಿಗೆ ಹೋದಳೆಂದು ವನಜ ಗಾಬರಿಯಿಂದ ಎದ್ದು ನೋಡಿದರೆ, ಹುಡುಗಿ ಬಾಗಿಲ ಹಿಂದೆ ನಿಂತು, ಹಲಗೆಯ ಬಿರುಕಿನೊಳಗೆ ತೆಂಗಿನ ಕಡ್ಡಿ ತೂರಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಮ್ಮ, ನಾನ್ ಯಾರ್?"

"ನೀನ್ ನವ್ಯಾ. ಹೋಗ್, ಕೈ ತೊಳ್ಕೊ. ಉಂಬುಕಾಯ್ತ್."

ಮುಂದಿನ ಮೂರು ವಾರದಲ್ಲಿ ವನಜ ಗಂಡನಿಗೆ ಹೇಳದೆ ಮೂರು ಸಲ ಶಾಲೆಗೆ ಹೋದಳು. ಮೊದಲ ಸಲ ಟೀಚರ ಜತೆ ಬೇರೆ ತಾಯಂದಿರಿದ್ದರು, ತಿರುಗಿ ಬಂದಳು. ಎರಡನೆಯ ಸಲ ಗೇಟು ದಾಟುವಾಗ ಕೈ ಬೆವರಿ ಕಾಗದ ಒದ್ದೆಯಾಯಿತು. ಒಣಗಿಸಿ ತರುವ ನೆಪದಲ್ಲಿ ತಿರುಗಿದಳು. ಕುಸುಮಕ್ಕನನ್ನು, "ಒಂದ್ಸಲ ನೀವ್ ಬಂದ್ ಟೀಚರ್ ಹತ್ರ ಹೇಳ್ತ್ರ್ಯಾ?" ಎಂದು ಕೇಳಿದಳು. "ನನ್ನ್ ಎಳಿಬೇಡ ಮರಾಯ್ತಿ," ಎಂದು ಅವಳು ಅಂದು ಮೀನನ್ನೂ ಕೊಳ್ಳದೆ ಒಳಗೆ ಹೋದಳು. ಮೂರನೆಯ ಸಲ ವನಜ ಕ್ಲಾಸಿನ ಕಿಟಕಿಯವರೆಗೆ ಹೋದಳು. ಒಳಗೆ ಟೀಚರಿರಲಿಲ್ಲ. ನವ್ಯಾ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಇದ್ದಳು. ಮುಂದಿನ ಸಾಲಿನ ಮಕ್ಕಳು ತಿರುಗಿ ಕೂತು, ಒಂದೇ ರಾಗದಲ್ಲಿ, "ಮೆಂಟಲ್ ನವ್ಯಾ, ಬೋರ್ಡ್ ಕಾಣ್, ಮೆಂಟಲ್ ನವ್ಯಾ, ಬೋರ್ಡ್ ಕಾಣ್," ಎನ್ನುತ್ತಿದ್ದರು. ನವ್ಯಾ ನಗುತ್ತ ಆ ರಾಗಕ್ಕೆ ಬೆಂಚು ಬಡಿಯುತ್ತಿದ್ದಳು.

ವನಜ ಅಲ್ಲಿಂದ ಹೇಗೆ ಮನೆಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಎರಡು ದಿನ ಬಿಟ್ಟು ಧೈರ್ಯ ತಂದುಕೊಂಡು ಹೊರಡುವಷ್ಟರಲ್ಲಿ ಶಾಲೆಗೆ ದಸರಾ ರಜೆ ಶುರುವಾಗಿತ್ತು. ಗೇಟಿಗೆ ಬೀಗ ಬಿದ್ದಿತ್ತು.

ರಜೆಯೆಂದರೆ ಹುಡುಗಿ ದಿನವಿಡೀ ಮನೆಯಲ್ಲಿ. ಆ ವಾರ ಬಾಗಿ ಬೀಜಾಡಿಯ ತಮ್ಮನ ಮನೆಗೆ ಪೂಜೆಗೆಂದು ಹೋಗಿದ್ದಳು. ವನಜ ಒಣಮೀನು ಹರವಿ, ಕಾಗೆ ಓಡಿಸಲು ನವ್ಯಾಳನ್ನು ಕೂರಿಸಿ, ಹತ್ತು ಸಲ ಹೇಳಿ ಬುಟ್ಟಿ ಹೊತ್ತು ಹೋದಳು. ಮಧ್ಯಾಹ್ನ ಬಂದು ನೋಡಿದರೆ ಮೀನಿನ ಮೇಲೆಲ್ಲ ಕಾಗೆ.

"ನವ್ಯಾ..."

ಮನೆಯೊಳಗಿಲ್ಲ. ವನಜ ಬಾವಿಗೆ ಬಗ್ಗಿ ನೋಡಿದಳು. ನೀರಿನಲ್ಲಿ ಅವಳದೇ ಮುಖ. ಪಕ್ಕದ ಮನೆಯ ಮುದುಕ ತಿಮ್ಮ ಜಗಲಿಯಿಂದಲೇ ಹೇಳಿದ, "ಚಿಪ್ಪಿ ಹೆಕ್ಕುವರ ಹಿಂದೆ ಹೋಯ್ತಲೆ, ಅಳಿವಿ ಬದಿಗೆ. ಅವ್ರೆಲ್ಲ ಆಗ್ಲೇ ಬಂದ್ರ್."

ಅವರೆಲ್ಲ ಆಗಲೇ ಬಂದಿದ್ದರು. ಅಂದರೆ ನೀರು ಏರುತ್ತಿತ್ತು. ಹೊಳೆ ಸಮುದ್ರ ಸೇರುವಲ್ಲಿ ಇಳಿತದ ಹೊತ್ತಿಗೆ ಮರಳ ದಿಬ್ಬ ಎದ್ದು, ಮನುಷ್ಯರು ನಡೆದು ಹೋಗುವಷ್ಟಾಗುತ್ತದೆ; ಏರುವಾಗ ಅದು ಎಲ್ಲಿತ್ತೆಂದೂ ತಿಳಿಯುವುದಿಲ್ಲ. ವನಜ ಓಡಿದಳು. ದೂರದಲ್ಲಿ, ನೀರಿನ ನಡುವೆ, ಬಾವುಟದ ಹಾಗೆ ಒಂದು ಕೆಂಪು ಲಂಗ. ಅವಳು ಕೂಗಿದ್ದು ಅವಳ ಕಿವಿಗೇ ಕೇಳಿಸಲಿಲ್ಲ. ದಡದಲ್ಲಿ ಬಲೆ ಹೊಲಿಯುತ್ತಿದ್ದ ರಾಜೀವ ಮತ್ತು ಬೋಟಿನ ಗುಡ್ಡಣ್ಣ ಸಣ್ಣ ದೋಣಿ ತಳ್ಳಿಕೊಂಡು ಹೋದರು. ಅವರು ತಲುಪುವಾಗ ನೀರು ಹುಡುಗಿಯ ಎದೆಯವರೆಗೆ ಬಂದಿತ್ತು. ಮಡಿಲ ತುಂಬ ಚಿಪ್ಪಿ ಹಿಡಿದು, ಅದನ್ನು ಬಿಡಲೊಲ್ಲದೆ ನಿಂತಿದ್ದಳು.

"ಅಮ್ಮ, ಅಲ್ಲ್ ಐದ್ ಕಾಲಿನ ಮೀನ್ ಇದ್ದಿತ್," ಎಂದಳು, ದೋಣಿ ಇಳಿಯುತ್ತಲೇ.

ರಾಜೀವ ಹೊಡೆಯಲಿಲ್ಲ. ಸಂಜೆ ಬಂದರಿನಿಂದ ಒಂದು ಸುರುಳಿ ಬಲೆ ಹಗ್ಗ ತಂದ. ಒಂದು ತುದಿಯನ್ನು ಜಗಲಿ ಕಂಬಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ತಾನೇ ಮನೆಯೊಳಗೆಲ್ಲ ನಡೆದು ನೋಡಿದ.

"ಅಡ್ಗಿಮನಿಗ್ ಬತ್ತ್. ಬಚ್ಲಿಗ್ ಬತ್ತ್. ಬಾವಿಗ್ ಎಟ್ಕುದಿಲ್ಲೆ. ರಜೆ ಮುಗುವಲ್ಲಿವರಿಗೆ, ನೀ ಬಪ್ಪಲ್ಲಿವರಿಗೆ ಮಾತ್ರ."

"ನಾಯಿಗ್ ಕಟ್ದಂಗೆ," ಎಂದಳು ಅಮಿತಾ.

"ನಾಯಿ ಆರೆ ಈಜ್ತ್. ಇವತ್ತ್ ಇನ್ನ್ ಹತ್ತ್ ನಿಮಿಷ ತಡ ಆಯ್ದಿದ್ರೆ? ಹೇಳ್ ಕಾಂಬ."

ಅಮಿತಾ ತಾಯಿಯ ಕಡೆ ನೋಡಿದಳು. ಬೇಡ ಎನ್ನಬೇಕಿತ್ತು ವನಜ. ಅವಳ ಕಣ್ಣೊಳಗೆ ಆ ಕೆಂಪು ಲಂಗ ಇನ್ನೂ ತೇಲುತ್ತಿತ್ತು. "ಎರಡ್ ದಿನ," ಎಂದಳು. "ಅತ್ತೆ ಬಪ್ಪಲ್ಲಿವರಿಗೆ."

ಬೆಳಿಗ್ಗೆ ರಾಜೀವ ಮೊದಲೇ ಹೋಗಿದ್ದ. ಗಂಟು ಹಾಕುವ ಕೆಲಸ ವನಜಳಿಗೇ ಬಂತು. ಬಲೆಯವರ ಗಂಟು ಅವಳ ಬೆರಳಿಗೆ ಚಿಕ್ಕಂದಿನಿಂದ ಬಂದದ್ದು, ಎಳೆದಷ್ಟೂ ಬಿಗಿಯುವಂಥದ್ದು. ನವ್ಯಾ ನಿದ್ದೆಗಣ್ಣಲ್ಲಿ ಕೈ ಎತ್ತಿ ನಿಂತು ಸೊಂಟಕ್ಕೆ ಹಗ್ಗ ಸುತ್ತಿಸಿಕೊಂಡಳು.

"ನಾನ್ ದೋಣಿಯಾ ಅಮ್ಮ?"

"ಹೌದ್. ದೋಣಿ."

"ಎಲ್ಲಿಗ್ ಹೋಪ ದೋಣಿ?"

ವನಜ ಬುಟ್ಟಿ ಎತ್ತಿಕೊಂಡಳು.

ಅಂದು ಅವಳು ಬೂತಾಯಿ ಮೀನನ್ನು ಯಾವ ದರಕ್ಕೆ ಕೊಟ್ಟಳೋ, ಯಾರಿಗೆ ಎಷ್ಟು ಹಾಕಿದಳೋ. ಅರ್ಧ ಮನೆಗಳಿಗೆ ಹೋಗಲೇ ಇಲ್ಲ. ಹನ್ನೊಂದು ಗಂಟೆಗೆಲ್ಲ ಕೋಡಿಗೆ ತಿರುಗಿದಳು. ಮನೆ ಹತ್ತಿರ ಬಂದಂತೆ ಕಿವಿ ಚುರುಕಾಯಿತು. ಸದ್ದಿಲ್ಲ. ಹನ್ನೊಂದು ವರ್ಷದಲ್ಲಿ ನವ್ಯಾ ಇದ್ದ ಹೊತ್ತಿನಲ್ಲಿ ಆ ಮನೆ ಹೀಗೆ ಸದ್ದಿಲ್ಲದೆ ಇದ್ದದ್ದೇ ಇಲ್ಲ. ಬುಟ್ಟಿ ಅವಳ ತಲೆಯಿಂದ ಜಾರಿ ದಾರಿಯಲ್ಲೇ ಬಿತ್ತು.

ಹುಡುಗಿ ಕಂಬಕ್ಕೆ ಸುತ್ತು ಹೊಡೆದು, ಹೊಡೆದು, ಹಗ್ಗವೆಲ್ಲ ಕಂಬಕ್ಕೇ ಸುತ್ತಿಕೊಂಡು, ಕೊನೆಗೆ ಅಲುಗಾಡಲಾಗದೆ ಕಂಬಕ್ಕೆ ಒತ್ತಿ ನಿಂತಿದ್ದಳು. ಅತ್ತು ಅತ್ತು ಅಳುವೂ ನಿಂತಿತ್ತು. ಲಂಗ ಒದ್ದೆಯಾಗಿತ್ತು. ಅವಳ ಕಾಲ ಬುಡದಲ್ಲಿ ಬಾಗಿ ಕೂತಿದ್ದಳು. ಬೀಜಾಡಿಯಿಂದ ತಂದ ಚೀಲ ಅಂಗಳದಲ್ಲೇ ಬಿದ್ದಿತ್ತು. ಮುದುಕಿ ಗಂಟಿಗೆ ಹಲ್ಲು ಹಾಕಿ ಕಚ್ಚುತ್ತಿದ್ದಳು. ತುಟಿ ಒಡೆದು ರಕ್ತ ಬಂದಿತ್ತು.

"ಅತ್ತೆ, ಬಿಡಿ, ನಾ ಬಿಚ್ತೆ."

ಬಾಗಿಗೆ ಕೇಳಿಸಲಿಲ್ಲ. ವನಜ ಒಳಗೆ ಓಡಿ ಅಕ್ಕಿಡಬ್ಬಿಯ ಹಿಂದಿನಿಂದ ಕತ್ತಿ ತಂದು ಹಗ್ಗ ಕೊಯ್ದಳು. ನವ್ಯಾ ಜಾರಿ ಅಜ್ಜಿಯ ಮಡಿಲಿಗೆ ಬಿದ್ದಳು.

ರಾಜೀವ ಊಟಕ್ಕೆ ಬಂದದ್ದು ಆಗ. ದಾರಿಯಲ್ಲಿ ಬುಟ್ಟಿ, ಅಂಗಳದಲ್ಲಿ ಚೀಲ, ಕಂಬದ ಬುಡದಲ್ಲಿ ಕೊಯ್ದ ಹಗ್ಗ ಎಲ್ಲ ನೋಡಿ ನಿಂತುಬಿಟ್ಟ.

"ಯಾರ್ ಕಟ್ಟದ್?" ಎಂದಳು ಬಾಗಿ. ದನಿ ಎತ್ತರಿಸಲಿಲ್ಲ.

"ನಾನ್, ಅತ್ತೆ," ಎಂದಳು ವನಜ.

"ಹಗ್ಗ ತಂದದ್ ನಾನ್," ಎಂದ ರಾಜೀವ. "ಅದ್ ಉಳಿಲಿ ಅಂತ ಅಲ್ದಾ ಅಮ್ಮ? ಇನ್ನೊಂದ್ ಅಶೋಕ ಆಪುದ್ ಬ್ಯಾಡ ಅಂತ. ಅಂವ ನೀರಿಗ್ ಹಾರ್ದಂಗೆ ಇದ್ ಹಾರುಕಾಗ ಅಂತ."

"ಅಂವ ಹಾರ್ಲಿಲ್ಲೆ."

ನವ್ಯಾಳ ಸೊಂಟದ ಕೆಂಪು ಗೀರಿನ ಮೇಲೆ ಬಾಗಿಯ ಕೈ ಇತ್ತು. ಅದನ್ನು ನೋಡುತ್ತಲೇ ಅವಳು ಹೇಳಿದಳು.

"ಶಾಲಿಯಿಂದ ಹೊರಗ್ ಹಾಕಿದ್ರ್ ಅವ್ನನ್ನ. ನಿನ್ ಅಪ್ಪಯ್ಯ ದೋಣಿಗ್ ಕರ್ಕಂಡ್ ಹೋತೆ ಅಂದ. ಅಂವ ಕೂತಲ್ಲ್ ಕೂಕಂತ್ನಾ? ನಂಗೆ ಹೆದ್ರಿಕಿ. ನಾನೇ ದಡದಂಗೆ ನಿಂತ್ಕಂಡ್, ಅವ್ನ್ ಸೊಂಟಕ್ಕೆ ಬಲಿ ಹಗ್ಗ ಸುತ್ತಿ, ದೋಣಿ ಅಡ್ಡಹಲ್ಗಿಗೆ ಕಟ್ದೆ. ಬೀಳ್ದೆ ಇರ್ಲಿ ಅಂತ. ಅಳಿವಿ ಬಾಯಂಗೆ ದೋಣಿ ಮಗುಚ್ತ್. ಉಳ್ದವ್ರೆಲ್ಲ ಈಜಿ ಬಂದ್ರ್. ಈಜುಕೆ ಅವ್ನಿಗೆ ನಿನ್ನಿಂದ್ಲೂ ಲಾಯ್ಕ್ ಬತ್ತಿದ್ದಿತ್."

ರಾಜೀವ ಕಂಬ ಹಿಡಿದುಕೊಂಡ. "ಹಾರ್ದ ಅಂತ ಹೇಳಿದ್ರಿ ನಂಗೆ. ಮೂವತ್ತ್ ವರ್ಷ ಹಾರ್ದ ಅಂತ ಹೇಳಿದ್ರಿ."

"ಹೌದ್. ಹಾರ್ದ ಅಂದ್ರೆ ತಪ್ಪ್ ಅವ್ನದ್ ಆತ್ತಲೆ."

ಮಧ್ಯಾಹ್ನದ ಗಾಳಿಗೆ ಒಣಮೀನಿನ ವಾಸನೆ ಬರುತ್ತಿತ್ತು. ಯಾರೂ ಊಟಕ್ಕೆ ಏಳಲಿಲ್ಲ. ಬಾಗಿ ಮೊಮ್ಮಗಳ ಒದ್ದೆ ಲಂಗ ಬಿಚ್ಚಿ, ತನ್ನ ಸೀರೆಯ ತುದಿಯಿಂದ ಅವಳ ಕಾಲು ಒರೆಸಿದಳು. "ಇದ್ ಅಶೋಕ ಅಲ್ಲ," ಎಂದಳು ವನಜಳಿಗೆ. "ಅಂವ ಇದ್ರ್ ಮೈಯಂಗೆ ಇದ್ದ ಅಂ‍ದ್ಕಂಡ್ರೆ, ಅವ್ನಿಗೆ ಉಣ್ಸುಕಾರೂ ಆತ್ತ್ ಅಂತ ಕಂಡಿತ್ ನಂಗೆ. ಅಂವ ಹೋಯ್ದ. ಇದ್ ಇತ್ತ್. ಆ ಕಾಗ್ದ ಎಲ್ಲಿತ್ತ್?"

"ಶಾಲಿ ಬಾಗ್ಲ್ ಹಾಕಿತ್ತ್ ಅತ್ತೆ."

"ಟೀಚರಿಗ್ ಮನಿ ಇಲ್ಯಾ?"

ಆ ಸಂಜೆ ರಾಜೀವ ಅಮಿತಾಳನ್ನು ಕರೆದು ಹೇಳಿದ್ದು ಒಂದೇ ಮಾತು: "ಆ ಕಾಗ್ದ ಮೊದ್ಲಿಂದ ಓದ್ ಕಾಂಬ." ಅವಳು ಓದಿದಳು. ಅವನು ಒಂದು ಸಾಲಿಗೂ ಅಡ್ಡ ಮಾತಾಡಲಿಲ್ಲ. ಮರುದಿನ ವನಜ, ಬಾಗಿ, ನವ್ಯಾ ಟೀಚರ ಮನೆಗೆ ಹೊರಡುವಾಗ ಬೋಟಿಗೆ ಹೋಗದೆ ಬಸ್‌ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದ.

ಸಾಲಿಗ್ರಾಮದಲ್ಲಿ ಟೀಚರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಂಗಳ ದಾಟುವುದು. ಎರಡು ಸಲ ಸಾಬೂನು ಹಾಕಿ ಮಿಂದು ಬಂದಿದ್ದರೂ ವನಜ ತನ್ನ ಕೈಯನ್ನು ಮತ್ತೆ ಮೂಸಿ ನೋಡಿಕೊಂಡಳು. ಜಗಲಿಯಲ್ಲಿ ಟೀಚರ ಮಾವ ಶಾಮರಾಯರು ತೆಂಗಿನಕಾಯಿ ಸುಲಿಯುತ್ತಿದ್ದರು.

"ಎಲ್ಲಾಯ್ತ್ ನಿಮ್ಗೆ?"

"ಕೋಡಿ. ಟೀಚರ ಹತ್ರ ಬಂದದ್."

"ರಜಿಯಂಗೆ ಎಂತ ಕೆಲ್ಸ?"

ಬಸ್ಸಿನಲ್ಲಿ ವನಜ ಒಂದು ಉತ್ತರ ಕಟ್ಟಿಟ್ಟುಕೊಂಡಿದ್ದಳು, ಮಾರ್ಕಿನ ವಿಷಯ ಎಂದು. ಅದು ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ತುಂಗಾ ಟೀಚರು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು, ಅವರ ಹಿಂದೆ ಇನ್ನಿಬ್ಬರು ಹೆಂಗಸರು ಬಾಗಿಲಲ್ಲಿ ಇಣುಕಿದರು. ನವ್ಯಾ ಆಗಲೇ ಅಂಗಳದ ಮೂಲೆಯ ಪೇರಳೆ ಮರದ ಬುಡದಲ್ಲಿದ್ದಳು.

"ಏನು ವನಜಮ್ಮ? ಇವಳು ಮತ್ತೆ ಏನು ಮಾಡಿದಳು?"

ಬಾಗಿಲಲ್ಲಿದ್ದ ಹೆಂಗಸರು, ಮೊಗಸಾಲೆ, ಶಾಮರಾಯರ ಕೈಯ ಕತ್ತಿ ಎಲ್ಲವನ್ನೂ ವನಜ ಒಮ್ಮೆ ನೋಡಿದಳು. ಬಾಗಿ ಹಿಂದೆ ನಿಂತಿದ್ದಳು. ವನಜ ಕಾಗದ ಹೊರಗೆ ತೆಗೆದಳು.

"ಇದ್ ಅದ್ರ್ ಸೊಕ್ಕಲ್ಲ ಟೀಚರ್. ಉಡುಪಿಯಂಗೆ ಮಂಡೆ ಡಾಕ್ಟ್ರಿಗ್ ತೋರ್ಸಿದ್ದೆ. ಎಡಿಎಚ್‌ಡಿ ಅಂತ ಇರುಕೂ ಸಾಕ್ ಅಂದ್ರ್. ನೀವ್ ಇದ್ ಬರ್ದ್ ಕೊಟ್ರೆ ಮಾತ್ರ ಮುಂದಿನ ದಾರಿ."

"ಎಡಿ... ಯಾಕೆ ಮೊದಲೇ ಹೇಳಲಿಲ್ಲ? ಶಾಲೆ ಇದ್ದಾಗಲೇ ತರಬಹುದಿತ್ತಲ್ಲ."

"ತಂದಿದ್ದೆ, ಮೂರ್ ಸಲ. ಹೆದ್ರಿಕಿ ಆಯ್ತ್. ಮಗಳಿಗೆ ಹೆಸ್ರ್ ಬೀಳ್ತ್ ಅಂತ." ವನಜ ಅಲ್ಲಿಗೇ ನಿಲ್ಲಿಸಲಿಲ್ಲ. "ನಿಮ್ ಕ್ಲಾಸಿನ ಮಕ್ಳ್ ಆಗ್ಲೇ ಹೆಸ್ರ್ ಇಟ್ಟಿದ್ರ್ ಟೀಚರ್. ಮೆಂಟಲ್ ಅಂತ. ರಾಗ ಹಾಕಿ ಕೂಗ್ತ್ರ್. ಸಮ ಹೆಸ್ರ್ ಇಡ್ಸುಕೆ ಬಂದದ್ ನಾವ್."

ತುಂಗಾ ಟೀಚರು ಕಾಗದ ತೆಗೆದುಕೊಂಡರು. ನಿಂತೇ ಓದಲು ಶುರು ಮಾಡಿದವರು ಮೂರನೇ ಸಾಲಿನ ಹೊತ್ತಿಗೆ ಜಗಲಿಯ ಅಂಚಿನಲ್ಲಿ ಕೂತರು. ಓದುತ್ತಾ ಓದುತ್ತಾ ಮುಖ ಗಂಟಾಯಿತು. ಬೈಯುತ್ತಾರೆಂದು ವನಜ ಕಾದಳು.

"ಪೆನ್ನು ತಾರೆ," ಎಂದರು ಅವರು, ಬಾಗಿಲಲ್ಲಿದ್ದವರಿಗೆ. ಆಮೇಲೆ, ವನಜಳನ್ನು ನೋಡದೆ, "ಹಿಂದಿನ ಬೆಂಚಿಗೆ ಕಳಿಸಿದ್ದು ನಾನೇ," ಎಂದರು. "ಅಲ್ಲಿ ಬೋರ್ಡು ಕಾಣುವುದಿಲ್ಲ ಅಂತ ಅವಳು ಎರಡು ಸಲ ಹೇಳಿದ್ದಳು."

ಒಂದೊಂದೇ ಸಾಲಿಗೆ ಗುರುತು ಹಾಕಲು ಕಾಲು ಗಂಟೆ ಹಿಡಿಯಿತು. ಮರದ ಮೇಲಿನಿಂದ ಎಲೆ ಅಲುಗುವ ಸದ್ದು ಬರುತ್ತಿತ್ತು. ಸದ್ದು ನಿಂತಾಗೆಲ್ಲ ವನಜ ತಿರುಗಿ ನೋಡುತ್ತಿದ್ದಳು. ಶಾಮರಾಯರು ಕತ್ತಿ ಬಿಟ್ಟು ಎದ್ದು ಹೋಗಿ ಮರದ ಕೆಳಗೆ ನಿಂತು, "ಆ ಗೆಲ್ಲ್ ಬ್ಯಾಡ, ಅದ್ ಲಡ್ಡ್, ಮುರಿತ್ತ್. ಈಚಿಗ್ ಬಾ," ಎಂದು ಮೇಲೆ ನೋಡುತ್ತ ಹೇಳುತ್ತಿದ್ದರು.

"ಇಲ್ಲಿ ತಂದೆ ಅಥವಾ ತಾಯಿಯ ಸಹಿ," ಎಂದು ಟೀಚರು ಕಾಗದ ಚಾಚಿದರು.

ವನಜ ಜಗಲಿಗೆ ಹತ್ತಿ, ಕೂತು, ನಿಧಾನವಾಗಿ ತನ್ನ ಹೆಸರು ಬರೆದಳು. ಜ ಅಕ್ಷರ ಗೆರೆಯಿಂದ ಕೆಳಗಿಳಿಯಿತು.

"ನಂದೂ ಒಂದ್ ಇರ್ಲಿ," ಎಂದಳು ಬಾಗಿ.

"ಅಜ್ಜಿಯದು ಬೇಡಮ್ಮ. ಅದಕ್ಕೆ ಇದರಲ್ಲಿ ಜಾಗ ಇಲ್ಲ."

"ಜಾಗ ಇಲ್ದಿರೆ ಹಿಂದಿನ ಬದಿಗ್ ಹಾಕ್ತೆ."

ಟೀಚರು ಬಾಗಿಲಲ್ಲಿದ್ದ ಹೆಂಗಸರ ಕಡೆ ನೋಡಿದರು, ವನಜಳ ಕಡೆ ನೋಡಿದರು. ಕೊನೆಗೆ ಪೆನ್ನಿನ ಶಾಯಿಯನ್ನು ಮುದುಕಿಯ ಹೆಬ್ಬೆರಳಿಗೆ ತಾವೇ ಸವರಿದರು. ಬಾಗಿ ಬಗ್ಗಿ, ಖಾಲಿ ಬಿಳಿ ಪುಟದ ನಡುಮಧ್ಯ ಬೆರಳೂರಿದಳು. ಹಾಗೇ ಒತ್ತಿ ಹಿಡಿದಳು. ಸಾಕು, ಮೂಡಿತು ಎಂದು ಟೀಚರು ಎರಡು ಸಲ ಹೇಳಿದರೂ ಅವಳು ಬೆರಳು ತೆಗೆಯಲಿಲ್ಲ.